ಕೆಂಪು ಗುಂಡಿಯ ಹದ

ಕೀಬೋರ್ಡಿನ ಜಿ, ಎಚ್, ಬಿ ಕೀಲಿಗಳ ನಡುವೆ ಕೂತ ಆ ಕೆಂಪು ಗುಂಡಿಯನ್ನು ಒಮ್ಮೆ ಒಲಿಸಿಕೊಂಡವರಿಗೆ ಮತ್ತೆ ಮೌಸ್‌ಗೆ ಕೈ ಚಾಚುವುದೇ ಬೇಸರ. ಐಬಿಎಂನ ಟೆಡ್ ಸೆಲ್ಕರ್ ಮತ್ತು ಜೋಸೆಫ್ ರಟ್ಲೆಜ್ ರೂಪಿಸಿದ ಈ ಟ್ರ್ಯಾಕ್‌ಪಾಯಿಂಟ್ 1992ರಲ್ಲಿ ಥಿಂಕ್‌ಪ್ಯಾಡ್ 700ಸಿ ಲ್ಯಾಪ್‌ಟಾಪ್ ಜೊತೆ ಮಾರುಕಟ್ಟೆಗೆ ಬಂತು. ಹೊಸಬರು ಮಾತ್ರ ಕರ್ಸರ್ ಕೈಗೆ ಸಿಗುವುದಿಲ್ಲವೆಂದು ಬೇಗನೆ ಕೈಬಿಡುತ್ತಾರೆ. ಹದ ಮಾಡಿಕೊಂಡಿದ್ದರೆ ಬಿಡುತ್ತಿರಲಿಲ್ಲ ಎಂಬುದು ನನ್ನ ದೃಢ ನಂಬಿಕೆ.

ಮೌಸ್ ಎಷ್ಟು ಸರಿಯಿತು ಎಂಬುದರ ಮೇಲೆ ಕರ್ಸರ್ ಸರಿಯುತ್ತದೆ. ಈ ಗುಂಡಿಯೋ ಸರಿಯುವುದೇ ಇಲ್ಲ. ಬುಡದ ಸೆನ್ಸರ್‌ಗಳು ಬೆರಳಿನ ಒತ್ತಡವನ್ನು ಅಳೆಯುತ್ತವೆ, ಒತ್ತಡವೇ ವೇಗವಾಗುತ್ತದೆ. ಎಷ್ಟು ಒತ್ತಿದರೆ ಎಷ್ಟು ವೇಗ ಎಂಬ ಲೆಕ್ಕವೇ ಇದರ ಜೀವಾಳ. ತೀರಾ ಹಗುರವಾಗಿ ಮುಟ್ಟಿದರೆ ಕರ್ಸರ್ ಕದಲುವುದಿಲ್ಲ. ಅದರಾಚೆಗೆ, ಒತ್ತಡ ತುಸು ಹೆಚ್ಚುಕಡಿಮೆಯಾದರೂ ವೇಗ ಅಷ್ಟಾಗಿ ಬದಲಾಗದ ನಿಧಾನಗತಿಯ ಸಮತಟ್ಟು. ಆಮೇಲೆ ಕಡಿದಾದ ಏರು. ಕೊನೆಗೆ, ಕಣ್ಣು ಹಿಂಬಾಲಿಸಬಲ್ಲ ವೇಗಕ್ಕೆ ಮತ್ತೊಂದು ಸಮತಟ್ಟು. ಮೊದಲ ಸಮತಟ್ಟಿನಲ್ಲೇ ಈ ಸಾಧನದ ಸೊಗಸೆಲ್ಲ ಇದೆ. ಕನ್ನಡದ ಕರಡು ತಿದ್ದುವಾಗ ಒಂದು ಅಲ್ಪವಿರಾಮದ ಎಡಕ್ಕೆ ನಿಲ್ಲಬೇಕು ಅನ್ನಿ. ತೋರುಬೆರಳ ತುದಿಯನ್ನು ಹಾಗೇ ಒರಗಿಸಿದರೆ ಸಾಕು, ಕರ್ಸರ್ ಪಿಕ್ಸೆಲ್ ಪಿಕ್ಸೆಲ್ಲಾಗಿ ತೆವಳಿ ಅಲ್ಲಿಗೇ ಬರುತ್ತದೆ.

ಹದ ಮಾಡುವಾಗ ಕಾಪಾಡಿಕೊಳ್ಳಬೇಕಾದ್ದು ಈ ಮೊದಲ ಸಮತಟ್ಟನ್ನೇ. ಲಿನಕ್ಸ್‌ನಲ್ಲಿ ಹೊಂದಿಸಲು ಎರಡು ಜಾಗಗಳಿವೆ. ಒಂದು, ಸಾಧನದೊಳಗೇ. ಐಬಿಎಂ ಮಾದರಿಯ ಗುಂಡಿಗಳಿಗೆ ಕರ್ನಲ್ ಡ್ರೈವರ್ ಸೆನ್ಸಿಟಿವಿಟಿ, ಸ್ಪೀಡ್ ಮುಂತಾದ ಮೌಲ್ಯಗಳನ್ನು ತೆರೆದಿಡುತ್ತದೆ. ಈ ಎರಡೂ 0ಯಿಂದ 255ರವರೆಗೆ. ಮೂಲದಲ್ಲಿ 128 ಮತ್ತು 97. ಬೇರೆ ತಯಾರಕರ ಅನೇಕ ಗುಂಡಿಗಳಲ್ಲಿ ಇವು ಸಿಗುವುದಿಲ್ಲ. ಇನ್ನೊಂದು ಜಾಗ, ಮೌಸ್, ಕೀಬೋರ್ಡುಗಳಂಥ ಸಾಧನಗಳನ್ನು ಸಂಭಾಳಿಸುವ ಲಿಬ್‌ಇನ್‌ಪುಟ್ ತಂತ್ರಾಂಶ. ಅಲ್ಲಿ ವೇಗವನ್ನು −1ರಿಂದ 1ರೊಳಗೆ ಇಡಬಹುದು, ಚಲನೆಯ ವೇಗ ನೋಡಿ ಹೆಚ್ಚುಕಡಿಮೆ ಮಾಡುವ ಅಡಾಪ್ಟಿವ್ ಅಥವಾ ಎಲ್ಲ ವೇಗಕ್ಕೂ ಒಂದೇ ಪ್ರಮಾಣ ಇಡುವ ಫ್ಲ್ಯಾಟ್ ಪ್ರೊಫೈಲ್ ಆರಿಸಬಹುದು. ಒಂದೊಂದು ಲ್ಯಾಪ್‌ಟಾಪಿನ ಗುಂಡಿ ಒಂದೊಂದು ಅಳತೆಯ ಅಂಕಿ ಕಳಿಸುವುದರಿಂದ, ಅದನ್ನು ಸರಿದೂಗಿಸಲು ಗುಣಕವೂ ಉಂಟು.

ಸಾಧನವೇ ಒಂದು ರೇಖೆ ಹಾಕಿ ಕೊಟ್ಟಿರುವಾಗ ಅದರ ಮೇಲೆ ಅಡಾಪ್ಟಿವ್‌ನ ಇನ್ನೊಂದು ರೇಖೆ ಎಳೆದರೆ ನಿಧಾನಗತಿಯ ಆ ನೆಲೆ ಕದಡುತ್ತದೆ. ಹಾಗಾಗಿ ನಾನು ಫ್ಲ್ಯಾಟ್ ಪಕ್ಷ. ಲಿಬ್‌ಇನ್‌ಪುಟ್‌ನಲ್ಲಿ ಫ್ಲ್ಯಾಟ್ ಇಟ್ಟು, ವೇಗ 0ಯಲ್ಲೇ ಬಿಟ್ಟು, ಮೊದಲು ಸೆನ್ಸಿಟಿವಿಟಿಯನ್ನು ಸ್ವಲ್ಪಸ್ವಲ್ಪವೇ ಏರಿಸಿ. ಬೆರಳು ನೋಯದೆ ಪರದೆಯ ಈ ತುದಿಯಿಂದ ಆ ತುದಿಗೆ ಹೋಗುವಂತಾದರೆ ಅಲ್ಲಿಗೆ ನಿಲ್ಲಿಸಿ. ಯಂತ್ರ ಮತ್ತೆ ಆನ್ ಮಾಡಿದಾಗ ಸಾಧನದೊಳಗಿನ ಈ ಮೌಲ್ಯಗಳು ಅಳಿಸಿಹೋಗುತ್ತವೆ. ಉಳಿಯಬೇಕಾದರೆ, ಪ್ರತಿ ಸಲವೂ ಅವನ್ನು ತಾನಾಗಿ ಹೊಂದಿಸುವ ಯುಡೆವ್ ನಿಯಮ ಬರೆದಿಡಬೇಕು.

ಬೆರಳು ತೆಗೆದ ಮೇಲೂ ಕರ್ಸರ್ ತಾನಾಗಿ ಜಾರುತ್ತಿದ್ದರೆ ಗಾಬರಿ ಬೇಡ. ಒಂದೇ ಒತ್ತಡದಲ್ಲಿ ಬಹಳ ಹೊತ್ತು ಹಿಡಿದರೆ ಸಾಧನ ಅದನ್ನೇ ಸೊನ್ನೆ ಎಂದುಕೊಳ್ಳುತ್ತದೆ. ಕೆಲವು ಸೆಕೆಂಡು ಮುಟ್ಟದೆ ಬಿಟ್ಟರೆ ಸರಿಹೋಗುತ್ತದೆ. ಹಾಗೆಯೇ, ಗುಂಡಿಯ ರಬ್ಬರ್ ಟೋಪಿ ಸವೆದು ನುಣುಪಾಗಿದ್ದರೆ ಮೊದಲು ಅದನ್ನು ಬದಲಿಸಿ, ಆಮೇಲೆ ಅಂಕಿಗಳಿಗೆ ಕೈಹಾಕಿ.