ಮೈಲುತುತ್ತ, ಸುಣ್ಣ ಮತ್ತು ಬಿಎಸ್ಸಿ ಲ್ಯಾಬು

ಪಠ್ಯಕ್ರಮ ಬದಲಿಸುವುದರಲ್ಲಿ ನಮ್ಮವರು ಹಿಂದೆ ಬಿದ್ದವರಲ್ಲ. 2021-22ರಲ್ಲಿ ಎನ್‌ಇಪಿ ಬಂದು ಪದವಿ ನಾಲ್ಕು ವರ್ಷದವರೆಗೆ ಹಿಗ್ಗಿತು. 2024-25ರಲ್ಲಿ ರಾಜ್ಯ ಸರ್ಕಾರ ಅದನ್ನು ಮತ್ತೆ ಮೂರಕ್ಕೆ ತಂದಿತು. ಶಿಕಾರಿಪುರ, ಸೊರಬದ ಮಕ್ಕಳು ಸೇರುವ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲೂ ಪತ್ರಿಕೆಗಳ ಹೆಸರು, ಕ್ರೆಡಿಟ್ಟಿನ ಲೆಕ್ಕ ಅದಲುಬದಲಾದವು. ರಸಾಯನಶಾಸ್ತ್ರದ ಲ್ಯಾಬಿನೊಳಗೆ ನಡೆಯುವುದು ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿಯಿತು. ಕಲಿಕೆ ಸುಧಾರಿಸಬೇಕಾದರೆ ಕೈ ಹಾಕಬೇಕಾದದ್ದು ಅಲ್ಲಿ, ಅದರಲ್ಲೂ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಎಂಬುದು ನನ್ನ ವಾದ.

ಲ್ಯಾಬಿನ ರೂಢಿ ಗೊತ್ತಿರುವುದೇ. ಆಕ್ಸಾಲಿಕ್ ಆಮ್ಲ, ಪೊಟ್ಯಾಸಿಯಂ ಪರ್ಮಾಂಗನೇಟ್, ಬ್ಯುರೆಟ್ಟು, ಮೂರು ರೀಡಿಂಗ್. ಉತ್ತರ ಎಷ್ಟರ ಸುಮಾರಿಗೆ ಬರಬೇಕೆಂದು ಸೀನಿಯರ್‌ಗಳಿಂದ ಮೊದಲೇ ತಿಳಿದಿರುತ್ತದೆ. ರೀಡಿಂಗನ್ನು ಅದಕ್ಕೆ ಹೊಂದಿಸಿ ರೆಕಾರ್ಡ್ ಬರೆದು ಸಹಿ ಹಾಕಿಸಿದರೆ ಕೆಲಸ ಮುಗಿಯಿತು. ಲವಣ ವಿಶ್ಲೇಷಣೆಯ ಪಾಡೂ ಇಷ್ಟೇ. ಯಾವ ಗುಂಪು ಮೊದಲು ಒತ್ತರಿಸಬೇಕೆಂಬುದರ ಹಿಂದೆ ವಿಲೀನತಾ ಗುಣಲಬ್ಧದ ಸೊಗಸಾದ ತರ್ಕವಿದೆ. ಚೆನ್ನಾಗಿ ಕಲಿಸಿದರೆ ಅದಕ್ಕಿಂತ ಒಳ್ಳೆಯ ಪತ್ತೇದಾರಿ ಪಾಠ ಇನ್ನೊಂದಿಲ್ಲ. ಆದರೆ ನೀಲಿ ಹರಳು ಕಂಡ ಕೂಡಲೇ ತಾಮ್ರವೆಂದು ಗುರುತಿಸಿ, ಪರೀಕ್ಷೆಗಳನ್ನು ಆಮೇಲೆ ಬರೆದುಕೊಂಡು ಹೋಗುವಲ್ಲಿ ಆ ತರ್ಕಕ್ಕೆ ಜಾಗವೆಲ್ಲಿ?

ಗ್ಲಾಸ್ಗೋದ ಶಿಕ್ಷಣ ಸಂಶೋಧಕ ಅಲೆಕ್ಸ್ ಜಾನ್‌ಸ್ಟನ್ ರಸಾಯನಶಾಸ್ತ್ರ ಕಷ್ಟವಾಗುವುದೇಕೆಂದು ವಿವರಿಸಿದ್ದರು. ಕಣ್ಣಿಗೆ ಕಾಣುವ ವಸ್ತು, ಕಾಣದ ಅಣು, ಹಾಳೆಯ ಮೇಲಿನ ಸಂಕೇತ ಈ ಮೂರು ಸ್ತರಗಳಲ್ಲಿ ವಿದ್ಯಾರ್ಥಿ ಏಕಕಾಲಕ್ಕೆ ಓಡಾಡಬೇಕಾಗುತ್ತದೆ. ಹೈಸ್ಕೂಲನ್ನು ಕನ್ನಡದಲ್ಲಿ ಮುಗಿಸಿ ಬಂದವರಿಗೆ ಇಂಗ್ಲಿಷ್ ಎಂಬ ನಾಲ್ಕನೆಯದೂ ಸೇರಿಕೊಳ್ಳುತ್ತದೆ. ಅವರು ಸಂಕೇತವೊಂದನ್ನೇ ಹಿಡಿದು ಬಾಯಿಪಾಠಕ್ಕೆ ಇಳಿದರೆ ತಪ್ಪು ಅವರದ್ದೆನ್ನಲಾಗದು.

ಈ ಸೀಮೆಯ ತೋಟದಲ್ಲಿ ಮೂರೂ ಸ್ತರ ಒಟ್ಟಿಗೆ ಸಿಗುತ್ತವೆ. ಮಳೆಗಾಲಕ್ಕೆ ಮೊದಲು ಕೊಳೆರೋಗ ತಡೆಯಲು ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ: ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ತಿರುಗುಮುರುಗು ಮಾಡಬಾರದು. ಹದ ನೋಡಲು ಕತ್ತಿಯ ಅಲಗನ್ನು ಅದ್ದುತ್ತಾರೆ; ಕೆಂಪಡರಿದರೆ ಇನ್ನಷ್ಟು ಸುಣ್ಣ. ಕರಗಿ ಉಳಿದ ತಾಮ್ರ ಕಬ್ಬಿಣದ ಮೇಲೆ ಕೂತಿತೆಂಬುದು ಅದರ ಅರ್ಥ. ವಿದ್ಯುದ್ರಾಸಾಯನಿಕ ಶ್ರೇಣಿಯನ್ನು ಕಂಠಪಾಠ ಮಾಡಿದ ಎಷ್ಟು ಜನ ಇದನ್ನು ಅದರೊಂದಿಗೆ ಜೋಡಿಸಿಯಾರು?

ಲೆಕ್ಕ ಹಾಕಿ ನೋಡಿದರೆ ವಿಷಯ ಇನ್ನೂ ರುಚಿಕಟ್ಟಾಗುತ್ತದೆ. ಒಂದು ಕಿಲೋ ಮೈಲುತುತ್ತವೆಂದರೆ ಸುಮಾರು 4 ಮೋಲ್. ಅದರ ತಾಮ್ರವನ್ನೆಲ್ಲ ಹೈಡ್ರಾಕ್ಸೈಡ್ ಆಗಿ ಒತ್ತರಿಸಲು ಶುದ್ಧ ಸುಟ್ಟ ಸುಣ್ಣ 224 ಗ್ರಾಂ ಸಾಕು. ಹಾಗಿದ್ದರೆ ಕಿಲೋ ಏಕೆ? ಅಂಗಡಿಯ ಸುಣ್ಣ ಎಷ್ಟು ಶುದ್ಧ? ಗಾಳಿಗೆ ತೆರೆದಿಟ್ಟದ್ದರಲ್ಲಿ ಎಷ್ಟು ಕಾರ್ಬೊನೇಟ್ ಆಗಿಹೋಗಿದೆ? ಇದನ್ನು ಅಳೆಯಲು ದೊಡ್ಡ ಯಂತ್ರ ಬೇಡ. ಸಕ್ಕರೆ ನೀರಿನಲ್ಲಿ ಸುಣ್ಣ ಕಲಕಿ, ಫಿನಾಲ್ಫ್‌ಥಲೀನ್ ಹಾಕಿ, ಹೈಡ್ರೋಕ್ಲೋರಿಕ್ ಆಮ್ಲದಿಂದ ಟೈಟ್ರೇಟ್ ಮಾಡಿದರೆ ಕೆಲಸಕ್ಕೆ ಬರುವ ಸುಣ್ಣವೆಷ್ಟೆಂದು ತಿಳಿಯುತ್ತದೆ. ಸಾಧನ ಅದೇ ಬ್ಯುರೆಟ್ಟು. ಉತ್ತರ ಮಾತ್ರ ಸೀನಿಯರ್‌ಗಳಿಗೂ ಗೊತ್ತಿಲ್ಲ, ಮೇಷ್ಟರಿಗೂ ಗೊತ್ತಿಲ್ಲ.

ಆಕ್ಷೇಪಗಳಿವೆ. ಊರಿನ ಉದಾಹರಣೆ ಸೇರಿಸಿದ ಮಾತ್ರಕ್ಕೆ ಪಾಠ ಉದ್ಧಾರವಾಗದು ಎಂಬುದು ನಿಜ. ಬೋರ್ಡೋವನ್ನೂ ರೆಕಾರ್ಡಿನ ಹತ್ತನೇ ಪ್ರಯೋಗವಾಗಿ, ಬರಬೇಕಾದ ಉತ್ತರದ ಸಮೇತ ಅಚ್ಚು ಹಾಕಿದರೆ ಅದೂ ಪರ್ಮಾಂಗನೇಟಿನ ಸಾಲಿಗೇ ಸೇರುತ್ತದೆ. ಸುಣ್ಣದ ನೆಪದಲ್ಲಿ ಕ್ವಾಂಟಂ ಸಿದ್ಧಾಂತವನ್ನೋ ಉಷ್ಣಗತಿಶಾಸ್ತ್ರವನ್ನೋ ತೆಳುಮಾಡುವುದೂ ಸಲ್ಲ. ಎಂಎಸ್ಸಿ ಪ್ರವೇಶಕ್ಕೆ ಹೊರಡುವ ಸೊರಬದ ಹುಡುಗಿಗೆ ಅದು ಅನ್ಯಾಯ. ಇನ್ನು ಸೆಮಿಸ್ಟರ್ ಶುರುವಾದ ಮೇಲೆ ನೇಮಕವಾಗಿ, ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಎಂಬ ಅಳುಕಿನಲ್ಲೇ ಪಾಠ ಮಾಡುವ ಅತಿಥಿ ಉಪನ್ಯಾಸಕರಿಂದ ಹೊಸ ಪ್ರಯೋಗ ರೂಪಿಸುವ ಶ್ರಮವನ್ನು ನಿರೀಕ್ಷಿಸುವುದೂ ನ್ಯಾಯವಲ್ಲ.

ಆದ್ದರಿಂದಲೇ ಹೊಣೆಯನ್ನು ಮೇಷ್ಟರ ಉತ್ಸಾಹದ ಮೇಲೆ ಹೊರಿಸದೆ ಪರೀಕ್ಷೆಯ ನಿಯಮದಲ್ಲೇ ಬರೆಯಬೇಕು. ಪ್ರಾಕ್ಟಿಕಲ್ ಅಂಕಗಳಲ್ಲಿ ಒಂದು ಪಾಲನ್ನು ವಿದ್ಯಾರ್ಥಿಯೇ ತಂದ ಮಾದರಿಗೆ ಮೀಸಲಿಡಿ: ಸುಣ್ಣ, ಬೋರ್‌ವೆಲ್ ನೀರು, ಅಡಿಕೆ ಬೇಯಿಸಿದ ಚೊಗರು, ಯಾವುದೂ ಆದೀತು. ರೀಡಿಂಗ್‌ಗಳು ಹೊಂದದಿದ್ದರೆ ಅಂಕ ಕಳೆಯಬೇಡಿ. ಏಕೆ ಹೊಂದಲಿಲ್ಲವೆಂದು ಕೇಳಿ, ಆ ವಿವರಣೆಗೆ ಅಂಕ ಕೊಡಿ. ವಿವರಣೆ ಕನ್ನಡದಲ್ಲಿದ್ದರೆ ಅದನ್ನೂ ಒಪ್ಪಿಕೊಳ್ಳಿ. ಪರೀಕ್ಷೆ ಏನು ಕೇಳುತ್ತದೋ ತರಗತಿ ಅದನ್ನೇ ಕಲಿಸುತ್ತದೆ. ಈಗಿನ ಪರೀಕ್ಷೆ ಕೇಳುತ್ತಿರುವುದು ಹೊಂದಿಸಿ ಬರೆದ ರೀಡಿಂಗನ್ನು. ಅದನ್ನೇ ಮಕ್ಕಳು ಅಚ್ಚುಕಟ್ಟಾಗಿ ಕಲಿತಿದ್ದಾರೆ.