‘ಸಾವಯವ’ ಎಂದರೆ ಏನು?

ಧಾರವಾಡದ ಕೃಷಿ ಮೇಳದಲ್ಲಿ ‘ಸಾವಯವ’ ಎಂಬ ಫಲಕಗಳನ್ನು ನೀವು ನೋಡಿರಬಹುದು. ಸಾವಯವ ಕೃಷಿಯಲ್ಲಿ ಕಾರ್ಖಾನೆಯ ಯೂರಿಯ ನಿಷಿದ್ಧ. ಆದರೆ ರಸಾಯನ ವಿಜ್ಞಾನದ ತರಗತಿಯಲ್ಲಿ ಸಾವಯವ ಸಂಯುಕ್ತಕ್ಕೆ ಕೊಡುವ ಮೊದಲ ಉದಾಹರಣೆಯೇ ಯೂರಿಯ! ರೈತರ ಮನೆಯ ವಿದ್ಯಾರ್ಥಿ ‘ಯಾವುದು ಸರಿ, ಸರ್?’ ಎಂದು ಕೇಳಿದರೆ ನಿಮ್ಮ ಉತ್ತರವೇನು?

ಪದದ ಮೂಲವನ್ನು ನೋಡೋಣ. ‘ಆರ್ಗ್ಯಾನಿಕ್’ ಎಂಬುದರ ಬೇರು ಗ್ರೀಕಿನ ‘ಆರ್ಗನಾನ್’. ಅಂದರೆ ಉಪಕರಣ, ಅಂಗ. ಅಂಗಗಳುಳ್ಳ ಜೀವಿಗಳಿಂದ ದೊರೆಯುವ ವಸ್ತುಗಳನ್ನು 19ನೇ ಶತಮಾನದ ಆರಂಭದಲ್ಲಿ ಬರ್ಜೀಲಿಯಸ್ ಪ್ರತ್ಯೇಕ ವರ್ಗವಾಗಿ ಪರಿಗಣಿಸಿದ. ಅವುಗಳ ತಯಾರಿಕೆಗೆ ‘ಜೀವಶಕ್ತಿ’ ಬೇಕೆಂಬ ನಂಬಿಕೆ ಆಗ ಇತ್ತು. 1828ರಲ್ಲಿ ಅವನ ಶಿಷ್ಯ ವೋಲರ್, ಅಮೋನಿಯಮ್ ಸಯನೇಟ್ ತಯಾರಿಸಲು ಹೊರಟು ಯೂರಿಯ ಪಡೆದ. ಎರಡರಲ್ಲೂ ಇರುವುದು ಅವೇ ಎಂಟು ಪರಮಾಣುಗಳು: ಇಂಗಾಲ 1, ಆಕ್ಸಿಜನ್ 1, ನೈಟ್ರೊಜನ್ 2, ಹೈಡ್ರೊಜನ್ 4. ಜೋಡಣೆ ಮಾತ್ರ ಬೇರೆ. 1845ರಲ್ಲಿ ಕೋಲ್ಬೆ ಅಸಿಟಿಕ್ ಆಮ್ಲವನ್ನೂ ಸಂಶ್ಲೇಷಿಸಿದ. ಜೀವಶಕ್ತಿಯ ಕಲ್ಪನೆ ಕ್ರಮೇಣ ಮರೆಯಾಯಿತು, ಹೆಸರು ಉಳಿಯಿತು.

ನಮ್ಮ ಅನುವಾದ ಈ ಹಳೆಯ ಹೆಸರನ್ನು ಅಕ್ಷರಶಃ ಹಿಡಿಯಿತು. ಸ+ಅವಯವ, ಅವಯವಗಳಿಂದ ಕೂಡಿದ್ದು. ತೊಡಕು ಇಲ್ಲಿದೆ. ನ್ಯಾಯ-ವೈಶೇಷಿಕ ದರ್ಶನಗಳಲ್ಲಿ ಭಾಗಗಳಿರುವುದೆಲ್ಲ ಸಾವಯವ. ಪರಮಾಣು ನಿರವಯವ. ಆ ಲೆಕ್ಕದಲ್ಲಿ ಅಡುಗೆ ಉಪ್ಪೂ ಸಾವಯವ! ನಮ್ಮ ಪಠ್ಯಗಳಲ್ಲಿ ಅದು ನಿರವಯವ. ನಾನು ಭೌತವಿಜ್ಞಾನದವನು, ಸೋಡಿಯಮ್ ಮತ್ತು ಕ್ಲೋರೈಡ್ ಅಯಾನುಗಳು ಸಾಲುಗಟ್ಟಿ ನಿಂತ ಹರಳನ್ನು ‘ಅವಯವವಿಲ್ಲದ್ದು’ ಎನ್ನಲು ನನಗೆ ಮನಸ್ಸಾಗದು.

ಹೊಲದ ‘ಸಾವಯವ’ಕ್ಕೆ ಬೇರೆಯೇ ಚರಿತ್ರೆಯಿದೆ. 1940ರಲ್ಲಿ ಇಂಗ್ಲೆಂಡಿನ ನಾರ್ತ್‌ಬೋರ್ನ್, ಹೊಲವೇ ಒಂದು ಜೀವಿಯಂತೆ ಎಂಬ ಅರ್ಥದಲ್ಲಿ ಈ ಮಾತನ್ನು ಬಳಸಿದ. ಮಣ್ಣು, ದನ, ಬೆಳೆ, ಎರೆಹುಳು ಎಲ್ಲವೂ ಅದರ ಅವಯವಗಳು. ನಿಜ ಹೇಳಬೇಕೆಂದರೆ, ನಮ್ಮ ಪದ ರಸಾಯನ ವಿಜ್ಞಾನಕ್ಕಿಂತ ಕೃಷಿಗೇ ಚೆನ್ನಾಗಿ ಒಪ್ಪುತ್ತದೆ.

ಹಾಗಾದರೆ ‘ಇಂಗಾಲದ ರಸಾಯನ ವಿಜ್ಞಾನ’ ಎನ್ನೋಣವೆ? ಅದು ಹೆಚ್ಚು ಸ್ಪಷ್ಟ. ಆದರೂ ಪರಿಪೂರ್ಣವಲ್ಲ. ಕಾರ್ಬನ್ ಡೈಆಕ್ಸೈಡ್, ಸುಣ್ಣದ ಕಲ್ಲುಗಳಲ್ಲಿ ಇಂಗಾಲವಿದ್ದರೂ ಅವನ್ನು ಈ ವಿಭಾಗಕ್ಕೆ ಸೇರಿಸುವುದಿಲ್ಲ. ರೂಢಿಯಾದ ಪದವನ್ನು ಕಿತ್ತುಹಾಕುವುದೂ ಸುಲಭವಲ್ಲ. ಆದ್ದರಿಂದ ಶಿಕ್ಷಕರಲ್ಲಿ ಒಂದು ವಿನಂತಿ. ‘ಸಾವಯವ’ ಎಂದು ಬೋರ್ಡಿನ ಮೇಲೆ ಬರೆದ ದಿನವೇ ಅದರ ಎರಡೂ ಅರ್ಥಗಳನ್ನು ಹೇಳಿ. ಇಲ್ಲವಾದರೆ ‘ಸಾವಯವ ಎಂದರೆ ರಾಸಾಯನಿಕವಿಲ್ಲದ್ದು’ ಎಂದು ನಂಬಿದ ವಿದ್ಯಾರ್ಥಿ, ನೀರೂ ಒಂದು ರಾಸಾಯನಿಕ ಎಂಬುದನ್ನು ಮರೆತೇಬಿಡುತ್ತಾನೆ.