ಸ್ವೇದನದ್ರವ್ಯಗಳೂ ಪಾಠಪರಿಷ್ಕರಣವೂ

ಜೈನ ವೈದ್ಯಗ್ರಂಥಗಳ ಓಲೆಪ್ರತಿಗಳಲ್ಲಿ ಸ್ವೇದನಪ್ರಕರಣವು ತ್ರುಟಿತವಾಗಿದ್ದಲ್ಲಿ, ಅದನ್ನು ಚರಕಸಂಹಿತೆಯ ನೆರವಿನಿಂದ ಪೂರಣ ಮಾಡುವುದು ಸುಲಭವೆಂದು ತೋರಬಹುದು. ಈ ಸೌಲಭ್ಯವೇ ದೋಷಕ್ಕೆ ಮೂಲ.

ಚರಕನು ಸೂತ್ರಸ್ಥಾನದ 14ನೆಯ ಅಧ್ಯಾಯದಲ್ಲಿ ಅಗ್ನಿಸ್ವೇದದ 13 ಪ್ರಕಾರಗಳನ್ನು ನಿರೂಪಿಸಿದ್ದಾನೆ. ಅಲ್ಲಿ ಬೆವರಿಳಿಸುವ ನಾಡೀಸ್ವೇದಕ್ಕೆ ಅಮೃತಬಳ್ಳಿ, ಔಡಲ, ನುಗ್ಗೆ, ಆಡುಸೋಗೆ, ಹೊಂಗೆ, ಎಕ್ಕ ಮೊದಲಾದವುಗಳ ಎಲೆಗಳು ವಿಹಿತವಾಗಿರುವಂತೆ ಮಾಂಸವೂ ವಿಹಿತವಾಗಿದೆ. ಪಿಂಡಸ್ವೇದದಲ್ಲಿಯೂ ಎಳ್ಳು, ಉದ್ದು, ಹುರುಳಿಗಳೊಡನೆ ಮಾಂಸವು ಸೇರಿದೆ.

ಉಗ್ರಾದಿತ್ಯನ ಮಾರ್ಗ ಬೇರೆ. 1940ರಲ್ಲಿ ಸೊಲ್ಲಾಪುರದಿಂದ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಪ್ರಕಟಿಸಿದ 'ಕಲ್ಯಾಣಕಾರಕ'ವು ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿದ ಗ್ರಂಥ; ಅದರ ಹಿತಾಹಿತಾಧ್ಯಾಯವು ಮಾಂಸೌಷಧದ ಖಂಡನೆಗೇ ಮೀಸಲು. ಇಂತಹ ಕೃತಿಯ ತ್ರುಟಿತ ಸ್ಥಳಕ್ಕೆ ಚರಕನ ದ್ರವ್ಯಗಣವನ್ನು ಇಡಿಯಾಗಿ ತಂದಿಡುವುದು ಆಚಾರ್ಯನ ಪ್ರತಿಜ್ಞೆಯನ್ನೇ ಭಂಗಗೊಳಿಸಿದಂತೆ.

ಹಾಗೆಂದು ಪ್ರತಿಯಲ್ಲಿ ಸ್ಪಷ್ಟವಾಗಿರುವ ಅಕ್ಷರವನ್ನು ಸಿದ್ಧಾಂತಕ್ಕೆ ಒಗ್ಗದೆಂಬ ಕಾರಣದಿಂದ ಮೌನವಾಗಿ ತೆಗೆದುಹಾಕುವುದೂ ಸಲ್ಲದು. ಅದು ಅಂಚಿನ ಟಿಪ್ಪಣಿಯಿಂದ ಮೂಲಕ್ಕೆ ನುಸುಳಿದ ಪ್ರಕ್ಷೇಪವಿರಬಹುದು. ಆದರೆ ಆ ನಿರ್ಣಯ ಅನ್ಯಪ್ರತಿಗಳ ಸಾಕ್ಷ್ಯದಿಂದ ಬರಬೇಕು. ಎಲೆಗಳು ಉಭಯ ಪರಂಪರೆಗಳಿಗೂ ಸಾಧಾರಣ. ಅಲ್ಲಿ ತುಲನೆ ಉಪಕಾರಕ. ಮಿಕ್ಕೆಡೆ ಲೋಪವನ್ನು ಲೋಪವೆಂದೇ ತೋರಿಸುವುದು ಸಂಪಾದಕಧರ್ಮ. ಶಾಸ್ತ್ರದ ಮೇಲಿನ ಗೌರವವೂ ಸತ್ಯವ್ರತವೂ ಇಲ್ಲಿ ಬೇರೆಬೇರೆಯಲ್ಲ.